ಕಂಪ್ಯೂಟರ್ ಸೈನ್ಸ್ ಓದಿ ಸೇನೆಗೆ: ಎಸ್‌ಎಸ್‌ಸಿ ಟೆಕ್‌ಗೆ ತಯಾರಿ ಮಾಡಿಕೊಂಡ ಬಗೆ

ಎಂಜಿನಿಯರಿಂಗ್ ಓದಿದವರನ್ನು ಸೀಮಿತ ಅವಧಿಗೆ ಅಧಿಕಾರಿಗಳಾಗಿ ಸೇರಿಸಿಕೊಳ್ಳುವ ಭೂಸೇನೆಯ ಎಸ್‌ಎಸ್‌ಸಿ ಟೆಕ್ (ಶಾರ್ಟ್ ಸರ್ವಿಸ್ ಕಮಿಷನ್, ಟೆಕ್ನಿಕಲ್) ಪ್ರವೇಶಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ. ಬಿಇ ಅಂಕಗಳ ಮೇಲೆ ಬ್ರಾಂಚ್‌ವಾರು ಕಟ್‌ಆಫ್ ಹಾಕಿ ನೇರವಾಗಿ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆಯುತ್ತಾರೆ. ಹಾಗಾಗಿ ಕೋಡಿಂಗ್ ಅಭ್ಯಾಸ ಪಕ್ಕಕ್ಕಿಟ್ಟು ಮೊದಲು ಮಾರ್ಕ್ಸ್ ಕಾರ್ಡ್ ಹಿಡಿದು ಕೂತೆ. ಕೊನೆಯ ವರ್ಷದಲ್ಲಿರುವವರಿಗೆ ಆರನೇ ಸೆಮಿಸ್ಟರ್‌ವರೆಗಿನ ಒಟ್ಟು ಅಂಕವೇ ಲೆಕ್ಕ. ಸಿಜಿಪಿಎಯನ್ನು ಶೇಕಡಾವಾರಿಗೆ ಇಳಿಸಲು ನಿಮ್ಮ ಸ್ಕೀಮಿಗೆ ವಿಶ್ವವಿದ್ಯಾಲಯ ಕೊಟ್ಟ ಸೂತ್ರವನ್ನೇ ಬಳಸಿ. ಸೀನಿಯರ್ ಹೇಳಿದ ಸೂತ್ರ ಹಾಕಿದರೆ ಅರ್ಜಿಯ ಅಂಕಿಗೂ ದಾಖಲೆಗೂ ತಾಳೆಯಾಗದೆ ಹೋಗಬಹುದು.

ಬ್ರಾಂಚಿನ ಹೆಸರನ್ನೂ ಆ ವರ್ಷದ ಅಧಿಸೂಚನೆಯ ಪಟ್ಟಿಯಲ್ಲಿ ಹುಡುಕಿಕೊಳ್ಳಬೇಕು. ‘ಇನ್ಫರ್ಮೇಷನ್ ಸೈನ್ಸ್’, ‘ಎಐ ಅಂಡ್ ಎಂಎಲ್’ ಓದಿದವರು ಎಲ್ಲವೂ ಕಂಪ್ಯೂಟರೇ ತಾನೇ ಎಂದು ಅರ್ಜಿ ತುಂಬಿದರೆ, ದಾಖಲೆ ಪರಿಶೀಲನೆಯಲ್ಲಿ ಅಭ್ಯರ್ಥಿತನವೇ ರದ್ದಾಗಬಹುದು. ವಯಸ್ಸಿನ ಮಿತಿ 20ರಿಂದ 27.

ಎಸ್‌ಎಸ್‌ಬಿ ಐದು ದಿನ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಬಹಳಷ್ಟು ಜನ ಮನೆಗೆ ಹೋಗುತ್ತಾರೆ. ಉಳಿದವರಿಗೆ ಮನೋವಿಜ್ಞಾನದ ಪರೀಕ್ಷೆ. ಅದರಲ್ಲಿ ಸಾಫ್ಟ್‌ವೇರ್‌ನವರನ್ನು ಕೆಡವುವುದು ಕೈಬರಹ. ಕೀಬೋರ್ಡಿಗೆ ಒಗ್ಗಿದ ಬೆರಳು ಆರನೇ ಕಥೆಯ ಹೊತ್ತಿಗೆ ಸೋಲುತ್ತದೆ. ಚಿತ್ರ ನೋಡಿ ಕಥೆ ಬರೆಯುವ ಟಿಎಟಿಯಲ್ಲಿ ಹನ್ನೊಂದು ಚಿತ್ರ, ಕೊನೆಗೊಂದು ಖಾಲಿ ಸ್ಲೈಡ್. ನೋಡಲು 30 ಸೆಕೆಂಡ್, ಬರೆಯಲು 4 ನಿಮಿಷ. ಗೆರೆಯಿಲ್ಲದ ಎ4 ಹಾಳೆ, ಫೋನಿನ ಟೈಮರ್ ಇಟ್ಟುಕೊಂಡು ಹನ್ನೆರಡನ್ನೂ ಒಂದೇ ಕೂತಲ್ಲಿ ಬರೆದು ಅಭ್ಯಾಸ ಮಾಡಬೇಕು. ಬಿಡಿಬಿಡಿಯಾಗಿ ಬರೆದರೆ ಕೈಗೆ ದಮ್ಮು ಬರುವುದಿಲ್ಲ. ಹಿನ್ನೆಲೆ ಹೇಳುವುದರಲ್ಲೇ ಅರ್ಧ ಹಾಳೆ ತುಂಬಿಸಿದರೆ ನಾಯಕ ಏನಾದರೂ ಮಾಡುವ ಮೊದಲೇ ಗಂಟೆ ಹೊಡೆಯುತ್ತದೆ. ಮೂರನೇ ವಾಕ್ಯಕ್ಕೆ ಅವನು ಕೆಲಸಕ್ಕೆ ಇಳಿದಿರಬೇಕು.

ಪದ ಕಂಡೊಡನೆ ವಾಕ್ಯ ಬರೆಯುವ ಡಬ್ಲ್ಯುಎಟಿಯಲ್ಲಿ 60 ಪದ, ಪದಕ್ಕೆ 15 ಸೆಕೆಂಡ್. ಬರೆಯುವುದು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ‘ಸೋಲು’ ಎಂಬರ್ಥದ ಪದ ಬಂದಾಗ ‘ಸೋಲೇ ಗೆಲುವಿನ ಮೆಟ್ಟಿಲು’ ಅಂದರೆ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ‘ಸೋತ ತಂಡ ಮರುದಿನ ಬೆಳಿಗ್ಗೆಯೇ ಅಭ್ಯಾಸಕ್ಕೆ ಇಳಿಯಿತು’ ಅಂದರೆ ಯೋಚನೆಯ ದಾರಿ ಕಾಣುತ್ತದೆ. ಕೊಟ್ಟ ಸನ್ನಿವೇಶದಲ್ಲಿ ಏನು ಮಾಡುತ್ತೀರಿ ಎಂದು ಬರೆಯುವ ಎಸ್‌ಆರ್‌ಟಿಗೆ 30 ನಿಮಿಷದಲ್ಲಿ 60 ಸನ್ನಿವೇಶ. ಅಲ್ಲಿ ವ್ಯಾಕರಣದ ಗೊಡವೆ ಬೇಡ, ತುಂಡು ವಾಕ್ಯ ಸಾಕು.

ಸಂದರ್ಶನದಲ್ಲಿ ಫ್ರೇಮ್‌ವರ್ಕ್‌ಗಳ ಹೆಸರು ಉದುರಿಸಿ ಲಾಭವಿಲ್ಲ. ನಾನು ಗಟ್ಟಿ ಮಾಡಿಕೊಂಡದ್ದು ಬುನಾದಿಯ ವಿಷಯ: ನೆಟ್‌ವರ್ಕ್‌ನಲ್ಲಿ ಡೇಟಾ ಕಳಿಸುವ ಟಿಸಿಪಿಗೂ ಯುಡಿಪಿಗೂ ಏನು ವ್ಯತ್ಯಾಸ, ರೇಡಿಯೊದಲ್ಲಿ ಮಾತು ಕಳಿಸಲು ಯಾವುದು ಸರಿ, ಏಕೆ, ಪಬ್ಲಿಕ್ ಕೀ ಎನ್‌ಕ್ರಿಪ್ಷನ್ ಹೇಗೆ ನಡೆಯುತ್ತದೆ, ಪ್ರೋಸೆಸ್, ಥ್ರೆಡ್. ಜೊತೆಗೆ ಕಾಲೇಜಿನ ಪ್ರಾಜೆಕ್ಟನ್ನು ಕಂಪ್ಯೂಟರ್ ಓದದವರಿಗೂ ಎರಡು ನಿಮಿಷದಲ್ಲಿ ಹೇಳಿ ಮುಗಿಸುವುದು. ನಾಲ್ವರು ಮಾಡಿದ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲೆಷ್ಟು ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿದ್ಧವಿರಲಿ. ನಿಮ್ಮ ವೈಯಕ್ತಿಕ ವಿವರ ತುಂಬುವ ಪಿಐಕ್ಯು ಫಾರ್ಮಿನಲ್ಲಿ ಚಾರಣ ಹವ್ಯಾಸ ಎಂದು ಬರೆದರೆ ಹತ್ತಿದ ಬೆಟ್ಟದ ಎತ್ತರ, ದಾರಿ ಎಲ್ಲ ಗೊತ್ತಿರಬೇಕು. ಹತ್ತು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳುವುದೂ ಉಂಟು. ಕೇಳಿದ ಕ್ರಮದಲ್ಲೇ ಉತ್ತರಿಸುತ್ತ ಹೋಗಿ. ಒಂದೆರಡು ಮರೆತರೆ ಮತ್ತೊಮ್ಮೆ ಕೇಳುವುದು ತಪ್ಪಲ್ಲ.

ಓಟ ಸಂಜೆಯ ಬಾಬತ್ತು: 2.4 ಕಿ.ಮೀ.ಯನ್ನು ಹತ್ತೂವರೆ ನಿಮಿಷದೊಳಗೆ. ಕೂತು ಕೂತು ಬಂದ ತೂಕ ಮೆಡಿಕಲ್‌ನಲ್ಲಿ ಅಡ್ಡ ಬರುತ್ತದೆ, ಮೊದಲೇ ಇಳಿಸಿ. ಕಿವಿಯ ಗುಗ್ಗೆಯನ್ನು ವೈದ್ಯರ ಬಳಿ ತೆಗೆಸಿಕೊಳ್ಳಿ.

ಆಯ್ಕೆಯಾದರೆ ಕೋಡ್ ಬರೆಯುವ ಕುರ್ಚಿಯೇ ಸಿಗುತ್ತದೆಂಬ ಭರವಸೆಯಿಲ್ಲ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಆಗಬಹುದು, ಎಂಜಿನಿಯರ್ಸ್ ಆಗಬಹುದು, ಇಎಂಇಯೂ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಆಗಬಹುದು. ಸಿಗ್ನಲ್ಸ್‌ಗೆ ಹೋದವರ ತಾಂತ್ರಿಕ ತರಬೇತಿ ಮಧ್ಯಪ್ರದೇಶದ ಮಹೂನಲ್ಲಿ. ಅಲ್ಲೂ ನೆಟ್‌ವರ್ಕ್, ರೇಡಿಯೊ, ಸೈಬರ್ ಭದ್ರತೆ ಮತ್ತು ಜವಾನರ ಹೊಣೆಯೇ ಮುಖ್ಯ. ಇನ್ನು, ಎಸ್‌ಎಸ್‌ಬಿ ಶಿಫಾರಸು, ಮೆಡಿಕಲ್ ಎರಡೂ ಆದಮೇಲೂ ಬ್ರಾಂಚಿನ ಮೆರಿಟ್ ಪಟ್ಟಿಯಲ್ಲಿ ಖಾಲಿ ಸ್ಥಾನದೊಳಗೆ ಬರಬೇಕು. ಜಾಯ್ನಿಂಗ್ ಲೆಟರ್ ಕೈಗೆ ಬರುವವರೆಗೆ ಕ್ಯಾಂಪಸ್ ಆಫರ್ ಬಿಡಬೇಡಿ.