ರೋಗ ಹಬ್ಬಿದಾಗ ಸರ್ಕಾರದ ಲೆಕ್ಕವನ್ನು ಓದುವುದು ಹೇಗೆ

2021ರ ಮೇ, ಕೋವಿಡ್‌ನ ಎರಡನೇ ಅಲೆ. ಆ ತಿಂಗಳಿಡೀ ಸಂಜೆ ನನಗೆ ಒಂದೇ ಕೆಲಸ. ಆರೋಗ್ಯ ಇಲಾಖೆಯ ಬುಲೆಟಿನ್ ವಾಟ್ಸಾಪ್‌ಗೆ ಬರುತ್ತಿತ್ತು. ಅದರಲ್ಲಿನ ಸಂಖ್ಯೆಗಳನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಟಿವಿಯಲ್ಲಿ ಎರಡು ಪಕ್ಷದವರು ಕೂಗಾಡುತ್ತಿದ್ದರು, ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಮತ್ತು ಚಿಕ್ಕಪ್ಪ ಅದೇ ಜಗಳವನ್ನು ಮುಂದುವರಿಸುತ್ತಿದ್ದರು, ಇದೆಲ್ಲದರ ನಡುವೆ ನಿಜವಾಗಿ ಏನಾಗುತ್ತಿದೆ ಅಂತ ತಿಳಿಯಲು ನನಗೆ ಬೇರೆ ದಾರಿ ಕಾಣಲಿಲ್ಲ. ಆ ನೋಟ್‌ಬುಕ್ಕಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಇನ್ನೊಂದು ರೋಗ ಬಂದರೆ ಯಾರಿಗಾದರೂ ಬೇಕಾಗುತ್ತದೆ.

ಮೊದಲ ಕೆಲಸ, ಬರೆದಿಡಿ. ಯಾರು, ಯಾವ ದಿನ, ಏನು ಹೇಳಿದರು, ಇಷ್ಟೇ ಸಾಕು. ವಿಡಿಯೊ ಆದರೆ ಇಳಿಸಿಟ್ಟುಕೊಳ್ಳಿ, ಟ್ವೀಟ್ ಆದರೆ ಸ್ಕ್ರೀನ್‌ಶಾಟ್ ತೆಗೆಯಿರಿ, ತಾರೀಕು ಕಾಣುವ ಹಾಗೆ. ಯಾಕೆ ಅಂತೀರಾ? ಚಾಮರಾಜನಗರವನ್ನೇ ನೋಡಿ. ಮೇ 2ರ ರಾತ್ರಿಯಿಂದ 3ರ ಬೆಳಿಗ್ಗೆಯೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಒಂದು ದಿನದಲ್ಲಿ 24 ಜನ ತೀರಿಹೋದರು ಅಂತ ಸುದ್ದಿ ಬಂತು. ಸರ್ಕಾರದ ಕಡೆಯವರು, ಆಕ್ಸಿಜನ್ ಇಲ್ಲದೆ ಸತ್ತವರು 3 ಜನ ಮಾತ್ರ, ಉಳಿದವರಿಗೆ ಬೇರೆ ಕಾಯಿಲೆಗಳಿದ್ದವು ಅಂದರು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತಾ, ಯಾರು ತಡೆದರು ಅಂತ ಎರಡು ಜಿಲ್ಲೆಗಳ ಅಧಿಕಾರಿಗಳ ನಡುವೆಯೇ ಆರೋಪ ಓಡಾಡಿತು. ಆಮೇಲೆ ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ಅವರ ಸಮಿತಿ ಆ 3ರ ಲೆಕ್ಕವನ್ನು ಒಪ್ಪಲಿಲ್ಲ. ಈ ಮೂರೂ ಮಾತು ತಾರೀಕಿನ ಸಮೇತ ನಿಮ್ಮ ಹತ್ತಿರ ಇದ್ದರೆ, ವರ್ಷದ ನಂತರ ಯಾರಾದರೂ "ನಾವು ಹಾಗೆ ಹೇಳಲೇ ಇಲ್ಲ" ಅಂದಾಗ ಜಗಳ ಆಡುವ ಅಗತ್ಯವೇ ಬರುವುದಿಲ್ಲ. ಪುಟ ತಿರುಗಿಸಿ ತೋರಿಸಿದರೆ ಆಯಿತು.

ಎರಡನೆಯದು ಕಷ್ಟದ್ದು. ನನಗೂ ಸುಲಭವಾಗಿ ಬರಲಿಲ್ಲ. ಕೇಳಿದವರು ಯಾವ ಪಕ್ಷ ಅಂತ ನೋಡುವ ಮೊದಲು ಪ್ರಶ್ನೆ ಏನು ಅಂತ ನೋಡಿ. 2020ರ ಜುಲೈನಲ್ಲಿ ಕಾಂಗ್ರೆಸ್ "ಲೆಕ್ಕ ಕೊಡಿ" ಅಂತ ಅಭಿಯಾನ ಮಾಡಿತು. ಕೋವಿಡ್ ಸಾಮಾನು ಖರೀದಿಯಲ್ಲಿ 2,000 ಕೋಟಿ ರೂಪಾಯಿ ಅಕ್ರಮ ಆಗಿದೆ ಅಂತ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಆರೋಪಿಸಿದರು. ಬಿಜೆಪಿ ಸಚಿವರು ಸಾಲಾಗಿ ಕೂತು ಪತ್ರಿಕಾಗೋಷ್ಠಿ ಮಾಡಿ ಅದನ್ನು ತಳ್ಳಿಹಾಕಿದರು. ಆಗ ನಮ್ಮ ಗ್ರೂಪಿನಲ್ಲಿ ಅರ್ಧ ಜನ "ರೋಗದಲ್ಲೂ ರಾಜಕೀಯ" ಅಂತ ಸಿಟ್ಟಾದರು, ಇನ್ನರ್ಧ ಜನ ಆ ಮೊತ್ತವನ್ನು ಪುರಾವೆ ಕೇಳದೆ ನಂಬಿದರು. ಎರಡೂ ತಪ್ಪು ಅಂತ ನನಗೆ ಅನ್ನಿಸುತ್ತದೆ. ಕೇಳಬೇಕಿದ್ದದ್ದು ಇಷ್ಟು: ಪಿಪಿಇ ಕಿಟ್ಟನ್ನು ಎಷ್ಟಕ್ಕೆ ತೆಗೆದುಕೊಂಡರು, ಅದೇ ವಾರ ಪಕ್ಕದ ರಾಜ್ಯ ಎಷ್ಟಕ್ಕೆ ತೆಗೆದುಕೊಂಡಿತು, ಟೆಂಡರ್ ಕರೆದರಾ, ಬಿಲ್ ಎಲ್ಲಿದೆ? ಈ ಪ್ರಶ್ನೆಗಳಿಗೆ ಯಾವ ಪಕ್ಷದ ಬಣ್ಣವೂ ಇಲ್ಲ. 2023ರಲ್ಲಿ ಸರ್ಕಾರ ಬದಲಾದ ಮೇಲೆ ಇದರ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ ಬಂತು, 2024ರ ಆಗಸ್ಟ್ ಕೊನೆಗೆ ವರದಿ ಕೊಟ್ಟಿತು. ಆಗ ಬಿಜೆಪಿಯವರು ಇದು ಸೇಡಿನ ರಾಜಕೀಯ ಅಂದರು. ಆಗಲೂ ಕೇಳಬೇಕಾದದ್ದು ಅದೇ ಬಿಲ್.

ಒಂದು ಉಪಾಯ ಹೇಳುತ್ತೇನೆ. ಸುದ್ದಿ ಓದುವಾಗ ಪಕ್ಷದ ಹೆಸರನ್ನು ಮನಸ್ಸಿನಲ್ಲೇ ಅದಲು ಬದಲು ಮಾಡಿ. ನಿಮ್ಮ ಸಿಟ್ಟು ಅಷ್ಟೇ ಇದೆಯಾ? ಇಲ್ಲ ಅಂದರೆ ಆ ಸಿಟ್ಟು ಪಕ್ಷದ್ದು, ವಿಷಯದ್ದಲ್ಲ. 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಹಾಸನದ ಹೃದಯಾಘಾತದ ಸಾವುಗಳ ಬಗ್ಗೆ ಮಾತಾಡುತ್ತಾ, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದು ಕಾರಣ ಇರಬಹುದು ಅಂದರು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ನಿರಾಕರಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೂ ಅಂಥ ಸಂಬಂಧ ಕಾಣಲಿಲ್ಲ. ಆ ಸಮಿತಿಯನ್ನು ಮಾಡಿದ್ದು ರಾಜ್ಯ ಸರ್ಕಾರವೇ! 2020ರಲ್ಲಿ ಲೆಕ್ಕ ಕೇಳಿದವರೇ 2025ರಲ್ಲಿ ಪುರಾವೆ ಕೈಗೆ ಬರುವ ಮೊದಲೇ ಮಾತಾಡಿದರು. ಲಸಿಕೆ ಅಂದರೆ ಹೆದರುವ ಅಜ್ಜಿ ನಮ್ಮ ಬೀದಿಯಲ್ಲೂ ಇದ್ದಾರೆ. ಮುಖ್ಯಮಂತ್ರಿಯ ಒಂದು ಮಾತು ಅವರ ಮೇಲೆ ಏನು ಮಾಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಪದಗಳ ವಿಷಯ. ಸರ್ಕಾರಗಳು ಸುಳ್ಳು ಹೇಳುವುದಕ್ಕಿಂತ ಜಾಸ್ತಿ ಪದಗಳನ್ನು ಆಯ್ದು ಹೇಳುತ್ತವೆ. 2021ರ ಜುಲೈ 20ರಂದು ರಾಜ್ಯಸಭೆಗೆ ಕೇಂದ್ರ ಸರ್ಕಾರ ಕೊಟ್ಟ ಉತ್ತರ ನೆನಪಿದೆಯಾ? ಆಕ್ಸಿಜನ್ ಕೊರತೆಯಿಂದ ಸಾವು ಅಂತ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅನ್ನುವುದು ಅದರ ಸಾರ. "ಸಾವಾಗಿಲ್ಲ" ಬೇರೆ, "ವರದಿ ಮಾಡಿಲ್ಲ" ಬೇರೆ. ಟಿವಿಯಲ್ಲಿ ಒಂದು ಕಡೆಯವರು ಎರಡನ್ನೂ ಒಂದೇ ಮಾಡಿ ಸಮರ್ಥಿಸಿದರು, ಇನ್ನೊಂದು ಕಡೆಯವರು ಒಂದೇ ಮಾಡಿ ಬೈದರು. ಆಗ ಕೇಳಬೇಕಿದ್ದದ್ದು, ರಾಜ್ಯಗಳು ಯಾಕೆ ವರದಿ ಮಾಡಲಿಲ್ಲ, ಆ ಫಾರಂನಲ್ಲಿ ಅದಕ್ಕೆ ಒಂದು ಕಾಲಂ ಆದರೂ ಇತ್ತಾ ಅಂತ.

ನಮ್ಮ ರಾಜ್ಯದ ಬುಲೆಟಿನ್‌ನಲ್ಲೂ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತಿತ್ತು, ಪಾಸಿಟಿವ್ ಇದ್ದರೂ ಕೋವಿಡ್ ಅಲ್ಲದ ಕಾರಣದಿಂದ ಇಷ್ಟು ಸಾವು ಅಂತ. ದೊಡ್ಡ ಸಂಖ್ಯೆಯನ್ನು ಎಲ್ಲರೂ ಓದುತ್ತಾರೆ, ನೀವು ಆ ಸಣ್ಣ ಸಾಲನ್ನು ಓದಿ. ನಮ್ಮ ಪಕ್ಕದ ಮನೆಯವರು ತೀರಿಕೊಂಡಾಗ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ನ್ಯುಮೋನಿಯಾ ಅಂತಷ್ಟೇ ಇತ್ತು. ಆ ಒಂದು ಪದಕ್ಕಾಗಿ ಅವರ ಹೆಂಡತಿ ಪರಿಹಾರದ ಅರ್ಜಿ ಹಿಡಿದುಕೊಂಡು ತಿಂಗಳುಗಟ್ಟಲೆ ಅಲೆದರು. ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ, ಪಾಸಿಟಿವ್ ಆದ 30 ದಿನದೊಳಗಿನ ಸಾವನ್ನು ಕೋವಿಡ್ ಸಾವು ಅಂತ ಪರಿಗಣಿಸುವ ನಿಯಮ ಬಂತು, 50,000 ರೂಪಾಯಿ ಪರಿಹಾರವೂ ಬಂತು. ವ್ಯಾಖ್ಯೆ ಬದಲಾದರೆ ಲೆಕ್ಕ ಬದಲಾಗುತ್ತದೆ. ಹಾಗಾಗಿ ಯಾವುದೇ ಸಂಖ್ಯೆ ಕಂಡರೂ, ಇದರಲ್ಲಿ ಯಾರನ್ನು ಸೇರಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅಂತ ಕೇಳಿ.

ಕಾರಣದ ಬಗ್ಗೆ ಜಗಳ ಇದ್ದಾಗ ಕಾರಣವನ್ನು ಬಿಟ್ಟು ಒಟ್ಟು ಸಾವು ಎಣಿಸಿ. ಇದನ್ನು ನನಗೆ ಕಲಿಸಿದ್ದು ಗುಜರಾತಿನ ಪತ್ರಕರ್ತರು. "ಸಂದೇಶ್" ಪತ್ರಿಕೆಯ ವರದಿಗಾರರು ಆಸ್ಪತ್ರೆ ಬಾಗಿಲಲ್ಲಿ ನಿಂತು ಹೊರಗೆ ಬಂದ ಶವಗಳನ್ನು ಎಣಿಸಿದರು. "ದಿವ್ಯ ಭಾಸ್ಕರ್" ಮರಣ ಪ್ರಮಾಣಪತ್ರಗಳ ಲೆಕ್ಕ ತೆಗೆಯಿತು: 2021ರ ಮಾರ್ಚ್ 1ರಿಂದ ಮೇ 10ರವರೆಗೆ ರಾಜ್ಯದಲ್ಲಿ ಸುಮಾರು 1.23 ಲಕ್ಷ, ಹಿಂದಿನ ವರ್ಷ ಅದೇ ಅವಧಿಯಲ್ಲಿ ಸುಮಾರು 58 ಸಾವಿರ. ಸರ್ಕಾರ ಆ ಅವಧಿಗೆ ಹೇಳಿದ ಕೋವಿಡ್ ಸಾವು ಸುಮಾರು 4,200. ಹೆಚ್ಚಾದದ್ದೆಲ್ಲ ಕೋವಿಡ್ ಅಂತ ಇದರಿಂದ ಹೇಳಲಾಗದು, ಹಿಂದಿನ ವರ್ಷ ಲಾಕ್‌ಡೌನಿನಲ್ಲಿ ನೋಂದಣಿ ತಡವಾಗಿದ್ದೂ ಇರಬಹುದು. ಆದರೆ ಇಷ್ಟು ದೊಡ್ಡ ಅಂತರಕ್ಕೆ ಉತ್ತರ ಕೊಡಲೇಬೇಕು. ದೇಶದ ಲೆಕ್ಕವಂತೂ 2025ರ ಮೇನಲ್ಲಿ ಹೊರಬಂತು: ನೋಂದಣಿಯಾದ ಸಾವು 2020ರಲ್ಲಿ ಸುಮಾರು 81 ಲಕ್ಷ, 2021ರಲ್ಲಿ ಸುಮಾರು 1 ಕೋಟಿ 2 ಲಕ್ಷ. ನಾಲ್ಕು ವರ್ಷ ಕಾಯಬೇಕಾಯಿತು.

ನೀವು ಅಷ್ಟು ಕಾಯಬೇಕಿಲ್ಲ. ನಿಮ್ಮ ಊರಿನ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. "ಸಾವು ಯಾಕೆ ಮುಚ್ಚಿಟ್ಟಿರಿ" ಅಂತ ಬರೆದರೆ ತಿರಸ್ಕಾರ ಗ್ಯಾರಂಟಿ, ಯಾಕೆಂದರೆ ಕಚೇರಿ ಕೊಡಬೇಕಾದದ್ದು ತನ್ನ ದಾಖಲೆಯಲ್ಲಿರುವ ಮಾಹಿತಿಯನ್ನು, ವಿವರಣೆಯನ್ನಲ್ಲ. ಹೀಗೆ ಬರೆಯಿರಿ: "2018ರ ಜನವರಿಯಿಂದ 2021ರ ಡಿಸೆಂಬರ್‌ವರೆಗೆ ತಮ್ಮ ವ್ಯಾಪ್ತಿಯಲ್ಲಿ ನೋಂದಣಿಯಾದ ಒಟ್ಟು ಮರಣಗಳ ಸಂಖ್ಯೆಯನ್ನು ತಿಂಗಳುವಾರು ಒದಗಿಸಿ." ಹೆಸರು ಕೇಳಬೇಡಿ, ಕಾರಣ ಕೇಳಬೇಡಿ, ಬರೀ ಸಂಖ್ಯೆ ಕೇಳಿ. ಹಿಂದಿನ ಎರಡು ವರ್ಷದ ಲೆಕ್ಕ ಯಾಕೆ ಅಂದರೆ ಹೋಲಿಸಲು ಮಾಮೂಲಿ ವರ್ಷ ಬೇಕಲ್ವಾ.

ಸುದ್ದಿ ಓದುವಾಗ ಒಂದೇ ಗುರುತು ನೋಡಿ, ವರದಿಗಾರ ಅಲ್ಲಿಗೆ ಹೋಗಿದ್ದಾನಾ? ಹೋದವನು ವಾರ್ಡು, ಸ್ಮಶಾನ, ದಾಖಲೆ ಯಾವುದಾದರೂ ಒಂದನ್ನು ಹೇಳುತ್ತಾನೆ. ಸ್ಟುಡಿಯೊದಲ್ಲಿ ಕೂತವನು ಯಾರು ಯಾರಿಗೆ ಬೈದರು ಅಂತ ಮಾತ್ರ ಹೇಳುತ್ತಾನೆ. ಹೆಸರುಗಳ ಪಟ್ಟಿ ಓದುವ ವಿಡಿಯೊ ಬಂದರೆ ಅದನ್ನು ಮುಂದಕ್ಕೆ ಕಳಿಸಲೇಬೇಡಿ. 2021ರ ಮೇ 4ರಂದು ಬೆಂಗಳೂರಿನಲ್ಲಿ ಕೋವಿಡ್ ಹಾಸಿಗೆ ಹಂಚುವ ವಾರ್‌ರೂಮಿನಲ್ಲಿ ಸಂಸದ ತೇಜಸ್ವಿ ಸೂರ್ಯ ಹಾಸಿಗೆ ಹಂಚಿಕೆಯ ಅಕ್ರಮ ಎತ್ತಿದರು, ಅದು ಎತ್ತಲೇಬೇಕಾದ ವಿಷಯ. ಆದರೆ ಅಲ್ಲಿ ಓದಿದ್ದು ಮುಸ್ಲಿಂ ಸಿಬ್ಬಂದಿಯ ಹೆಸರುಗಳನ್ನು ಮಾತ್ರ. ತನಿಖೆ ನಡೆಯುವ ಮೊದಲೇ ಆ ಪಟ್ಟಿ ಫೋನಿನಿಂದ ಫೋನಿಗೆ ಓಡಿತು. ಹಾಸಿಗೆ ಯಾರು ಮಾರಿದರು ಅನ್ನುವ ಪ್ರಶ್ನೆ ಹಿಂದೆ ಬಿತ್ತು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಬಂದ ಮೇಲೆ ಅದರ ಫೋಟೊ ತೆಗೆದು, ನಿಮ್ಮೂರಿನ ವರದಿಗಾರರಿಗೆ ಒಂದು ಪ್ರತಿ, ಆಡಳಿತ ಪಕ್ಷದ ಸದಸ್ಯರಿಗೆ ಒಂದು, ವಿರೋಧ ಪಕ್ಷದ ಸದಸ್ಯರಿಗೆ ಒಂದು, ಮೂರನ್ನೂ ಒಂದೇ ದಿನ ಕೊಡಿ.