ಕಾರವಾರದಲ್ಲಿ ಮಾಡಿದ ರೋಬೋ ಕೈ ಶಿರಸಿಯಲ್ಲೂ ಆಡಬೇಕೆಂದರೆ

ಪ್ರಯೋಗಾಲಯಕ್ಕೆಂದೇ ಮಾರುವ ರೋಬೋ ಕೈಗೆ ಲಕ್ಷಗಟ್ಟಲೆ ಬೀಳುತ್ತದೆ. ನೀವು ಕಾರವಾರದಲ್ಲಿ ಅಗ್ಗದ್ದೊಂದು ಮಾಡಿದ್ದರೆ, ಶಿರಸಿಯ ವಿದ್ಯಾರ್ಥಿ ನಿಮಗೆ ಒಂದೂ ಫೋನ್ ಮಾಡದೆ ಅದನ್ನು ಕಟ್ಟುವಂತಾಗಬೇಕು. ಆಗಲೇ ವಿನ್ಯಾಸ ಹಂಚಿದಂತೆ.

ತ್ರೀಡಿ ಪ್ರಿಂಟರಿಗೆ ಭಾಗಗಳ ಆಕಾರ ಹೇಳುವ ಎಸ್‌ಟಿಎಲ್ ಫೈಲನ್ನಷ್ಟೇ ಹಾಕಿದರೆ ಸಾಲದು. ಪ್ರಿಂಟ್ ಮಾಡಬಹುದು, ತಿದ್ದುವುದು ಕಷ್ಟ. ಭಾಗಗಳನ್ನು ಬಿಡಿಸಿದ ಫ್ರೀಕ್ಯಾಡ್ ತಂತ್ರಾಂಶದ ಮೂಲ ಫೈಲು, ಬೇರೆ ಕ್ಯಾಡ್ ತಂತ್ರಾಂಶಗಳಲ್ಲೂ ತೆರೆಯುವ ಸ್ಟೆಪ್ ಫೈಲು, ಸರ್ಕ್ಯೂಟ್ ಬಿಡಿಸಿದ ಕಿಕ್ಯಾಡ್ ಫೈಲು, ಸರ್ಕ್ಯೂಟ್ ಬೋರ್ಡು ಮಾಡಿಸಲು ಬೇಕಾದ ಗರ್ಬರ್ ಫೈಲು ಎಲ್ಲವನ್ನೂ ಕೊಡಿ.

ಸಾಮಾನಿನ ಪಟ್ಟಿಯಲ್ಲಿ ಕೀಲುಗಳನ್ನು ತಿರುಗಿಸುವ ಸರ್ವೊ ಮೋಟರಿಗೆ ‘ಸರ್ವೊ 6’ ಎಂದಷ್ಟೇ ಬರೆಯಬೇಡಿ. ‘ಎಂಜಿ996ಆರ್, ಲೋಹದ ಗೇರು, 6’ ಎಂದು ಮಾದರಿಯ ಹೆಸರಿನ ಸಮೇತ ಬರೆಯಿರಿ. ಸ್ಕ್ರೂ ಎಂ3×12 (3 ಮಿ.ಮೀ. ದಪ್ಪ, 12 ಮಿ.ಮೀ. ಉದ್ದ) ಆದರೆ ಸ್ಟೇನ್‌ಲೆಸ್ ಎಂದೂ ಸೇರಿಸಿ. ಕಡಲ ಗಾಳಿಗೆ ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು, ಬಿಚ್ಚುವಾಗ ತಲೆ ಸವೆದುಹೋಗುತ್ತದೆ.

ಹೆಚ್ಚಿನವರು ಎಡವುವುದು ಕರೆಂಟಿನಲ್ಲಿ. ಈ ಸರ್ವೊ ಭಾರಕ್ಕೆ ಸಿಕ್ಕಿ ನಿಂತುಬಿಟ್ಟರೆ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ, ಆರಕ್ಕೆ 15. ಸರ್ವೊಗಳನ್ನು ಕೈಯನ್ನು ನಿಯಂತ್ರಿಸುವ ಆರ್ಡುಯಿನೊ ಬೋರ್ಡಿನ 5 ವೋಲ್ಟ್ ಪಿನ್ನಿಗೆ ಸಿಕ್ಕಿಸಿದರೆ ವೋಲ್ಟೇಜ್ ಕುಸಿದು ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಕೈ ನಡುಗುತ್ತದೆ. ಸರ್ವೊಗಳಿಗೆ ಪ್ರತ್ಯೇಕ 5 ವೋಲ್ಟ್ 20 ಆಂಪಿಯರ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಡಿಮೆ ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಇರಲಿ, ಅದರ ಗ್ರೌಂಡ್ (ಮೈನಸ್) ತಂತಿಯನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಿ. ಇದನ್ನು ವೈರಿಂಗ್ ಚಿತ್ರದ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ.

ಎಡವುವ ಇನ್ನೊಂದು ಜಾಗ ತೂತಿನ ಅಳತೆ. 3 ಮಿ.ಮೀ. ಎಂದು ಬಿಡಿಸಿದ ತೂತು ಪ್ರಿಂಟಿನಲ್ಲಿ ಕಿರಿದಾಗಿ ಬರುತ್ತದೆ, ಎಂ3 ಸ್ಕ್ರೂ ಹೋಗುವುದಿಲ್ಲ. 3.0ರಿಂದ 3.4ರವರೆಗೆ ಐದು ತೂತುಗಳ ಸಣ್ಣ ಪಟ್ಟಿಯೊಂದನ್ನು ವಿನ್ಯಾಸದ ಜೊತೆಗೇ ಇಡಿ. ಕಟ್ಟುವವರು ಮೊದಲು ಅದನ್ನು ಪ್ರಿಂಟ್ ಮಾಡಿ, ಸ್ಕ್ರೂ ಬಿಗಿಯಿಲ್ಲದೆ ಜಾರುವ ತೂತಿನ ಅಳತೆಯನ್ನು ಮೂಲ ಫೈಲಿನಲ್ಲಿ ತುಂಬಲಿ.

ಮಳೆಗಾಲದಲ್ಲಿ ಫಿಲಮೆಂಟು, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ, ತೇವ ಹೀರುತ್ತದೆ. ನಳಿಗೆಯಲ್ಲಿ ಚಟಚಟ ಸದ್ದು, ಪ್ರಿಂಟಿನ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಸುರುಳಿಯನ್ನು 45–50 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಪಿಎಲ್‌ಎ 60 ಡಿಗ್ರಿ ಸುಮಾರಿಗೆ ಮೆತ್ತಗಾಗುವುದರಿಂದ ಮೋಟರಿಗೆ ತಾಗುವ ಭಾಗಕ್ಕೆ ಹೆಚ್ಚು ಶಾಖ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಒಳ್ಳೆಯದು.

ಫೈಲನ್ನು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್ ಮರೆಯಬೇಡಿ. ಅದಿಲ್ಲದಿದ್ದರೆ ಬೇರೆಯವರು ನಿಮ್ಮ ಫೈಲು ಬಳಸಲು ಹಿಂಜರಿಯುತ್ತಾರೆ. ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯವಾದ ಸರ್ನ್ 2020ರಲ್ಲಿ ತಂದ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೇ ಆವೃತ್ತಿಯಲ್ಲಿ ಎಸ್ (ಷರತ್ತು ಬಿಗಿ), ಡಬ್ಲ್ಯು (ಸ್ವಲ್ಪ ಸಡಿಲ), ಪಿ (ಬಹಳ ಸಡಿಲ) ಎಂದು ಮೂರು ಬಗೆ. ತಿದ್ದಿ ಹಂಚುವವರೂ ತಮ್ಮ ವಿನ್ಯಾಸ ತೆರೆದಿಡಬೇಕು ಎನ್ನುವವರಿಗೆ ಎಸ್.

ಕೊನೆಗೆ, ಈ ಕೈಯನ್ನು ಕಂಡೇ ಇರದ ಒಬ್ಬರ ಕೈಗೆ ಸಾಮಾನು ಮತ್ತು ಕನ್ನಡದ ಸೂಚನೆ ಕೊಟ್ಟು ಸುಮ್ಮನೆ ಕೂತು ನೋಡಿ. ಅವರು ಎಲ್ಲಿ ತಡೆದು ನಿಂತರೋ ಆ ಹಂತಕ್ಕೆ ಫೋಟೊ ಸೇರಿಸಿ, ಆಮೇಲೆ ವಿನ್ಯಾಸಕ್ಕೆ ಆವೃತ್ತಿ 1.0 ಎಂದು ಹೆಸರಿಡಿ.