ಎಡಪುಟ ಎಂಜಿನಿಯರ್ದು, ಬಲಪುಟ ಜೋಗತಿದು: ನನ್ನ ಬೂದಿ ಕಥಿ ಹೆಂಗ ಓಡ್ತು

"ಸೈನ್ಸ್ ಫಿಕ್ಷನ್ ಬರಿ, ಇಲ್ಲಾ ದೆವ್ವದ ಕಥಿ ಬರಿ, ಎರಡೂ ಕಲಸಿದ್ರ ಯಾರೂ ಮುಟ್ಟಲ್ಲ ನೋಡಪಾ" ಅಂದವ್ರೇ ಈಗ ನನ್ನ ಬೂದಿ ಕಥಿದು ಮುಂದಿನ ಭಾಗ ಯಾವಾಗ ಅಂತ ಫೋನ್ ಹಚ್ಚಾಕತ್ಯಾರ, ಅದಕ್ಕ ಇದನ್ನ ಬರ್ಯಾಕತ್ತೀನಿ. ಜಗತ್ತು ಮುಗಿದ ಮ್ಯಾಲಿನ ಕಥಿ ನೀವೂ ಬರದವ್ರು, ಬೇಸಿಕ್ ಬಿಡ್ತೀನಿ.

ಇದಕ್ಕೂ ಮೊದಲಿನ ಪುಸ್ತಕದ ಕಥಿ ಬೆಂಗಳೂರು ಮೆಟ್ರೋ ಸುರಂಗದಾಗ ಇಟ್ಟಿದ್ದೆ. ಡಿಟಿಪಿ, ಪ್ರೂಫ್, ಪ್ರಿಂಟು ಎಲ್ಲಾ ಸೇರಿ ಐನೂರು ಕಾಪಿಗೆ ಐವತ್ತೈದು ಸಾವಿರದ ಆಜುಬಾಜು ಹೋತು, ಮುಖಪುಟಕ್ಕ ಬ್ಯಾರೆ ಆರು ಸಾವಿರ, ಆ ಹುಡುಗ ರಾಕ್ಷಸನಿಗೆ ಕರೇ ಕೋಟು ಹಾಕಿ ಕೊಟ್ಟ. ಅಂಗಡಿಯವ್ರು ನೂರಕ್ಕ ನಲವತ್ತು ಕಮಿಷನ್ ಹಿಡಕೊಂಡ್ರು. ಹೋಗಿದ್ದು ನೂರಾಚಿಲ್ಲರೆ ಕಾಪಿ, ಅದ್ರಾಗ ಅರ್ಧ ಬೀಗರು ತಗೊಂಡಿದ್ದು. ಉಳಿದದ್ದು ಮಾನ್ವಿ ಮನ್ಯಾಗ ಅಟ್ಟದ ಮ್ಯಾಲ ಮೆಣಸಿನಕಾಯಿ ಚೀಲದ ಸಂದ್ಯಾಗ ಐತಿ, ಬೇಕಾದವ್ರು ಪುಕ್ಕಟೆ ಒಯ್ರಿ.

ಆಮ್ಯಾಲ ನಮ್ಮ ಕಡೀಗೇ ತಿರುಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಮಿನ 33 ಗೇಟಿನಾಗ 19ನೇದ್ದು ಚೈನ್ ಹರದು ಕೊಚ್ಚಿ ಹೋದಾಗ ಎಲ್ಲಾರೂ "ಬರಿ, ಡ್ಯಾಮ್ ಒಡದ ಕಥಿ ಬರಿ" ಅಂದ್ರು. ನನಗ ಅದು ರುಚಿಸಲಿಲ್ಲ, ಒಂದು ವಾರದಾಗ ಸ್ಟಾಪ್‌ಲಾಗ್, ಅಂದ್ರ ಗೇಟಿನ ಬದಲಿಗೆ ಕಬ್ಬಿಣದ ಹಲಗಿ, ಇಳಿಸಿ ನೀರು ನಿಲ್ಲಿಸಿದ್ರಲ್ಲ, ಪ್ರಳಯ ಅಂದ್ರ ಅಷ್ಟು ಬೇಗ ರಿಪೇರಿ ಆಗಬಾರದು. ಹೂಳು ಹಿಡಕೊಂಡೆ. 133 ಟಿಎಂಸಿ ನೀರು ಹಿಡಿಯೋ ಡ್ಯಾಮು ಹೂಳಿನಿಂದ 105ರ ಹತ್ರ ಬಂದು ಕುಂತೈತಿ, ಹೂಳೇ ಪೂರ್ತಿ ತುಂಬಿದ್ರ? ಗಂಗಾವತಿ, ಸಿಂಧನೂರು ಕಡೆ ಭತ್ತದವ್ರು ಮೊದಲ ಸಾಯ್ತಾರ. ಕಾಲುವೆ ಟೇಲೆಂಡಿನ, ಅಂದ್ರ ಕಟ್ಟಕಡೀ ತುದಿಯ, ನಮ್ಮಂಥವ್ರು ಬದುಕ್ತಾರ, ಯಾಕಂದ್ರ ನೀರು ಬರಲ್ಲ ಅನ್ನೋದು ನಮಗ ಹೊಸಾದಲ್ಲ. ನನ್ನ ನಾಯಕಿ ಟೇಲೆಂಡ್ ಊರಿನ ವಾಟರ್‌ಮನ್ ಮಗಳು, ಖಾಲಿ ಕಾಲುವೆ ಹಿಡಕೊಂಡು ಮ್ಯಾಲ ಮ್ಯಾಲ ನಡೀತಾಳ.

ಮಾಟ ಎಲ್ಲಿಂದ ತರೋದು ಅನ್ನೋದು ಕುಡತಿನ್ಯಾಗ ಬಗೀಹರೀತು. ಬಳ್ಳಾರಿ-ಹೊಸಪೇಟೆ ರಸ್ತಾ ಮಗ್ಗಲಕ್ಕ ಬೂದಿ ದಿಬ್ಬ ಐತಲ್ಲ, ನವಶಿಲಾಯುಗದ ದನಗಾರರು ಸಗಣಿ ಗುಡ್ಡಿ ಹಾಕಿ ಸುಟ್ಟಿದ್ದು, ನಾಕೈದು ಸಾವಿರ ವರ್ಷದ್ದು. ಹತ್ರ ಹೋಗಿ ನೋಡ್ರಿ, ಬೂದಿ ಅಂದ್ರ ಪುಡಿ ಅಷ್ಟೇ ಅಲ್ಲ, ಬೆಂಕಿ ಜೋರಿಗೆ ಕರಗಿ ಗಾಜಿನಂಗ ಗಟ್ಟಿ ಆದ ಪದರು, ತುಂಬ ತೂತು. ನಮ್ಮ ಮಂದಿ ಇಂಥಾ ದಿಬ್ಬಕ್ಕ ರಾಕ್ಷಸರನ್ನ ಸುಟ್ಟ ಜಾಗ ಅಂತಾರ, ಹಂಪಿ ಹತ್ರ ನಿಂಬಾಪುರದ್ದು ವಾಲಿಯನ್ನ ಸುಟ್ಟದ್ದಂತ. ಅದೇ ಕುಡತಿನ್ಯಾಗ 1700 ಮೆಗಾವ್ಯಾಟಿನ ಥರ್ಮಲ್ ಪ್ಲಾಂಟು, ಅದರ ಹಾರುಬೂದಿ! ಎರಡೂ ಬೂದಿ ಒಂದೇ ಊರಾಗ, ಬ್ಯಾರೆ ಏನ್ ಬೇಕು.

ಅಲ್ಲಿಂದ ಒಂದು ಉದ್ದನ ನೋಟ್‌ಬುಕ್ ಮಾಡೀನಿ. ಎಡಪುಟ ಎಂಜಿನಿಯರಂದು, ಬಲಪುಟ ಜೋಗತಿದು. ಒಂದೇ ಘಟನೆಗೆ ಇಬ್ರೂ ಲೆಕ್ಕ ಕೊಡಬೇಕು. ಬೂದಿ ಮಳಿ ತಗೋರಿ: ಪ್ಲಾಂಟ್ ಬಂದಾಗಿ ಬೂದಿ ಹೊಂಡಕ್ಕ ನೀರು ಹೊಡಿಯೋರಿಲ್ಲ, ಒಣಗೈತಿ, ಆಷಾಢದ ಗಾಳಿ ಎತ್ಕೊಂಡು ಬರ್ತೈತಿ, ಇದು ಎಡ. ಸುಟ್ಟ ರಾಕ್ಷಸರು ಮೈ ಹುಡುಕ್ಕೊಂಡು ಬಂದಾರ, ಇದು ಬಲ. ಬೂದಿ ಬೀಳೋವಾಗ ಯಾರೂ ಯಾರ ಹೆಸರೂ ಕೂಗಬಾರದು ಅಂತ ಊರ ಕಟ್ಟಳೆ ಇಟ್ಟೆ. ಎಂಜಿನಿಯರ್ ಹೇಳ್ತಾನ, ಬಾಯಿ ತೆರದ್ರ ಪುಪ್ಪುಸಕ್ಕ ಹೋಗ್ತೈತಿ. ಜೋಗತಿ ಹೇಳ್ತಾಳ, ಹೆಸರು ಕೇಳಿದ್ರ ಬೂದಿ ಆ ಮನಷಾನ ರೂಪ ತಗೋತೈತಿ. ಕಟ್ಟಳೆ ಒಂದೇ, ಕಾರಣ ಎರಡು. ಒಂದೇ ಪುಟದಾಗ ನಿಲ್ಲೋದನ್ನೆಲ್ಲಾ ಹೊಡದ್ ಹಾಕ್ದೆ, ಹಾರೋ ಹೆಣ, ಲೇಸರ್ ಗನ್ನು, ಒಂದು ಛಂದನ ಡ್ರ್ಯಾಗನ್ನೂ ಹೋತು, ಪಾಪ.

ನಡುವ ಆಡಿಯೋನೂ ಮಾಡಿ ನೋಡಿದೆ. ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡದಾಗ ಬಡದ್ರ ನಾದ ಬರೋ ಬಂಡಿಗಲ್ಲು ಅದಾವಲ್ಲ, ಬೆರಳಿಂದ ಮೆಲ್ಲಕ ತಟ್ಟಿ ಮೊಬೈಲಿನ್ಯಾಗ ರೆಕಾರ್ಡ್ ಮಾಡಿದ್ರ ಮುಕ್ಕಾಲುಪಾಲು ಗಾಳಿ ಸಪ್ಪಳ. ಮೈಕ್ ಬಾಡಿಗಿ ತಂದು ಮಾಡಿದ್ದನ್ನ ಕೇಳಿದವ್ರು "ಗುಡಿ ಗಂಟಿ ಏನು?" ಅಂದ್ರು. ಬಿಟ್ಟೆ. ಹಿರೇಬೆಣಕಲ್ಲಿನ ಮೋರೇರ ಮನಿ, ಆ ಕಲ್ಲಚಪ್ಪಡಿಯ ಸಮಾಧಿಗಳು, ಅವನ್ನ ಐದನೇ ಭಾಗಕ್ಕ ಇಟ್ಟೀನಿ, ಚಪ್ಪಡ್ಯಾಗಿನ ದುಂಡನ ತೂತಿಗೆ ಎಡಪುಟದ ಕಾರಣ ಇನ್ನೂ ಹೊಳದಿಲ್ಲ.

ಮಾರಾಟದ ಕಥಿ ಕೇಳ್ರಿ. ದಪ್ಪ ಪುಸ್ತಕ ಬಿಟ್ಟು ನಲವತ್ತು ಪುಟದ ಸಣ್ಣ ಭಾಗ, 30 ರೂಪಾಯಿ. ಪ್ರಿಂಟಿಗೆ ಕಾಪಿಗೆ ಹದಿಮೂರೋ ಹದಿನಾಕೋ ಬಿತ್ತು, ಮುನ್ನೂರು ಹೊಡಿಸಿ ಕೊಪ್ಪಳ ಗವಿಮಠದ ಜಾತ್ರಿಗೆ ಒಯ್ದೆ. "ಮಿರ್ಚಿ ಬಜಿ ತಿನ್ನಾಕ ಬಂದವ್ರು ಪ್ರಳಯದ ಕಥಿ ತಗೋತಾರೇನು" ಅಂತ ನಕ್ಕವ್ರ ಎದುರಿಗೇ ಎರಡನೇ ದಿನಕ್ಕ ಗಂಟು ಖಾಲಿ. ಜಾಸ್ತಿ ಒಯ್ದವ್ರು ಭತ್ತದ ರೈತರು, ಹೂಳು ಅನ್ನೋ ಶಬ್ದ ಮುಖಪುಟದ ಮ್ಯಾಲ ನೋಡಿ ನಿಂತ್ರು. ಮೊದಲನೇ ಭಾಗ ಮತ್ತ ಎರಡು ಸಲ ಪ್ರಿಂಟ್ ಆಗೈತಿ, ಮೆಟ್ರೋ ಪುಸ್ತಕದಾಗ ಕಳಕೊಂಡಿದ್ದು ಸುಮಾರು ಅರ್ಧ ಬಂತು.

ಎಡಪುಟದ ಕಾರಣ ಕಥಿಯೊಳಗ ಯಾವ ಜಾಗದಾಗ ಬಿಚ್ಚಬೇಕು, ಎಷ್ಟು ಬಿಚ್ಚಬೇಕು ಅಂತ ಬಾಳ ಮಂದಿ ಕೇಳ್ಯಾರ. ಅದನ್ನ ಹೇಳಲ್ಲ, ಅದ್ರಾಗ ನನ್ನ ಅನ್ನ ಐತಿ. ನಾಕನೇ ಭಾಗ ಪ್ರೆಸ್ಸಿಗೆ ಹೋಗೈತಿ, ಪೇಪರ್ ರೇಟ್ ಏರಿದ್ದಕ್ಕ ಈ ಸಲ 35 ರೂಪಾಯಿ, ಚೌಕಾಸಿ ಇಲ್ಲ.